ಹುಳು ಮಲಗುವ ಕಾಲ

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಬೀದಿದೀಪಕ್ಕೆ ಪತಂಗಗಳು ಮುತ್ತಿಕೊಳ್ಳುತ್ತವೆ. ಅದೇ ದೀಪದ ಕೆಳಗೆ ಪುಷ್ಯಮಾಸದಲ್ಲಿ ನಿಂತು ನೋಡಿದರೆ ಒಂದೆರಡು ಸಿಕ್ಕರೆ ಹೆಚ್ಚು. ಕೀಟಶಾಸ್ತ್ರದ ತರಗತಿಗೆ ಹೊಸದಾಗಿ ಬರುವ ಮಕ್ಕಳು ಕೇಳುತ್ತಾರೆ: ‘ಎಲ್ಲಾ ಸತ್ತು ಹೋದವಾ ಸರ್? ಸತ್ತಿದ್ದರೆ ಮುಂದಿನ ವರ್ಷ ಎಲ್ಲಿಂದ ಬರುತ್ತವೆ?’ ಬಹಳ ಒಳ್ಳೆಯ ಪ್ರಶ್ನೆ. ಹತ್ತಿ ಬೆಳೆಯುವ ರೈತನಿಗೂ, ಸೇಬಿನ ತೋಟದವನಿಗೂ, ರೇಷ್ಮೆ ಸಾಕುವ ಹೆಣ್ಣುಮಗಳಿಗೂ ಇದರ ಉತ್ತರ ಬೇಕು. ಕೀಟ ಹತೋಟಿಯಲ್ಲಿ ನಾವು ಎಡವುವುದು ಬಹುತೇಕ ಇಲ್ಲೇ. ಹುಳು ಕಣ್ಣಿಗೆ ಬಿದ್ದಾಗ ಓಡಾಡುತ್ತೇವೆ, ಅದು ಮಲಗಿರುವಾಗ ಮರೆತೇ ಬಿಡುತ್ತೇವೆ.

ಮೊದಲು ಒಂದು ಮಾತು ತಿಳಿಯಾಗಲಿ. ಪತಂಗ ಅಂದರೆ ರೆಕ್ಕೆ ಇರುವ ಜೀವಿ ಮಾತ್ರ ಅಲ್ಲ. ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಪತಂಗ, ಈ ನಾಲ್ಕೂ ಒಂದೇ ಜೀವದ ಹಂತಗಳು. ರೆಕ್ಕೆಯ ಹಂತ ಎಷ್ಟೋ ಜಾತಿಗಳಲ್ಲಿ ವಾರ, ಎರಡು ವಾರಕ್ಕೆ ಮುಗಿದುಹೋಗುತ್ತದೆ. ದೀಪದ ಹತ್ತಿರ ಕಾಣಲಿಲ್ಲವೆಂದರೆ ಅದು ಹೆಚ್ಚಾಗಿ ಉಳಿದ ಮೂರರಲ್ಲಿ ಒಂದಾಗಿ ಎಲ್ಲೋ ಇದೆ ಎಂದೇ ಲೆಕ್ಕ. ಕಷ್ಟಕಾಲವನ್ನು ಯಾವ ಹಂತದಲ್ಲಿ ಕಳೆಯಬೇಕು ಎಂಬುದು ಒಂದೊಂದು ಜಾತಿಗೂ ಸಾಮಾನ್ಯವಾಗಿ ಗೊತ್ತುಮಾಡಿದ್ದೇ ಆಗಿರುತ್ತದೆ. ಮೊಟ್ಟೆಯಾಗಿ ಕಳೆಯುವುದು ಮೊಟ್ಟೆಯಾಗಿಯೇ, ಕೋಶವಾಗಿ ಕಳೆಯುವುದು ಕೋಶವಾಗಿಯೇ. ಹತೋಟಿಯ ದೃಷ್ಟಿಯಿಂದ ಇದು ನಮಗೆ ಸಿಕ್ಕ ದೊಡ್ಡ ಅನುಕೂಲ. ಹಂತ ಗೊತ್ತಾದರೆ ಜಾಗ ಗೊತ್ತಾಗುತ್ತದೆ.

ಮೊಟ್ಟೆಯಾಗಿ ಚಳಿಗಾಲ ಕಳೆಯುವ ಪತಂಗವೊಂದು ರಾಮನಗರ, ಶಿಡ್ಲಘಟ್ಟದವರಿಗೆ ಚೆನ್ನಾಗಿ ಪರಿಚಯ. ಅದು ರೇಷ್ಮೆ ಪತಂಗ. ಪೀಡೆಯಲ್ಲ, ಅನ್ನ ಕೊಡುವ ಹುಳು. ಆದರೂ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದ್ವಿತಳಿ ರೇಷ್ಮೆಯ ಮೊಟ್ಟೆ ಇಟ್ಟಾಗ ತಿಳಿ ಹಳದಿ ಬಣ್ಣಕ್ಕಿರುತ್ತದೆ. ಒಂದೆರಡು ದಿನದಲ್ಲಿ ಕಂದು ತಿರುಗಿ, ಆಮೇಲೆ ಬೂದು ಬಣ್ಣಕ್ಕೆ ಬರುತ್ತದೆ. ಬಣ್ಣ ಬಂತೆಂದರೆ ಒಳಗಿನ ಭ್ರೂಣ ಬೆಳವಣಿಗೆ ನಿಲ್ಲಿಸಿತು ಎಂದರ್ಥ. ಇನ್ನು ತಿಂಗಳುಗಟ್ಟಲೆ ತಂಪು ಸಿಗದೆ ಅದು ಮರಿಯಾಗುವುದಿಲ್ಲ. ನಮ್ಮ ಹಳೆಯ ಮೈಸೂರು ತಳಿಗೆ ಈ ನಿದ್ದೆ ಇಲ್ಲ. ಅದರ ಮೊಟ್ಟೆ ತಿಳಿಯಾಗಿಯೇ ಉಳಿದು ಹತ್ತು ಹನ್ನೊಂದು ದಿನಕ್ಕೆ ಒಡೆಯುತ್ತದೆ. ದ್ವಿತಳಿಗೆ ತಂಪು ಬೇಕಾದ್ದರಿಂದ ಬಿತ್ತನೆ ಕೋಠಿಗಳಲ್ಲಿ ಅದರ ಮೊಟ್ಟೆಗಳನ್ನು ಶೀತಗೃಹದಲ್ಲಿಡುತ್ತಾರೆ. ಬೇಗ ಮರಿ ಬೇಕಾದರೆ ಮೊಟ್ಟೆಯಿಟ್ಟ ಒಂದು ದಿನದೊಳಗೆ ಸುಮಾರು 46 ಡಿಗ್ರಿ ಬಿಸಿಯ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವೇ ನಿಮಿಷ ಅದ್ದಿ ತೊಳೆಯುತ್ತಾರೆ. ಆಮ್ಲ ತಾಗಿದ ಮೊಟ್ಟೆ ಮಲಗುವುದನ್ನು ಬಿಟ್ಟು ನೇರ ಮರಿಯಾಗುತ್ತದೆ.

ಇನ್ನೂ ಒಂದು ಸಂಗತಿ ಇದೆ. ಮಲಗುವ ಮೊಟ್ಟೆ ಇಡಬೇಕೋ ಬೇಡವೋ ಎಂಬುದು ತಾಯಿ ಪತಂಗ ತಾನೇ ಮೊಟ್ಟೆಯೊಳಗಿದ್ದಾಗ ತೀರ್ಮಾನವಾಗಿರುತ್ತದೆ. ಆಗ ಅವಳಿಗೆ ಬೆಚ್ಚಗಿನ ವಾತಾವರಣ, ದೀರ್ಘ ಬೆಳಕು ಸಿಕ್ಕಿದ್ದರೆ ಅವಳು ಇಡುವುದು ಮಲಗುವ ಮೊಟ್ಟೆ. ತಂಪು, ಕತ್ತಲು ಸಿಕ್ಕಿದ್ದರೆ ಮಲಗದ ಮೊಟ್ಟೆ. ಬೇಸಿಗೆಯಲ್ಲಿ ಬೆಳೆದ ತಾಯಿಯ ಮಕ್ಕಳಿಗೆ ಮುಂದೆ ಇರುವುದು ಚಳಿ, ವಸಂತದಲ್ಲಿ ಬೆಳೆದವಳ ಮಕ್ಕಳಿಗೆ ಮುಂದೆ ಇರುವುದು ಬೇಸಿಗೆ. ಲೆಕ್ಕ ಸರಿಯಾಗಿಯೇ ಇದೆ.

ಯೂರೋಪಿನಲ್ಲಿ ಚಳಿಪತಂಗ ಎನ್ನಬಹುದಾದ ಒಂದು ಜಾತಿ ಇದೆ. ನವೆಂಬರ್, ಡಿಸೆಂಬರಿನಲ್ಲಿ ಉಳಿದ ಪತಂಗಗಳೆಲ್ಲ ಮರೆಯಾದ ಮೇಲೆ ಇದು ಮಣ್ಣಿನಿಂದ ಹೊರಬರುತ್ತದೆ. ಹೆಣ್ಣಿಗೆ ರೆಕ್ಕೆ ಹೆಸರಿಗಷ್ಟೇ. ಹಾರಲು ಬಾರದು, ಕಾಂಡ ಹಿಡಿದು ನಡೆದೇ ಮರ ಹತ್ತಿ ಚಿಗುರು ಬರುವ ಕಡೆ ಮೊಟ್ಟೆ ಇಡುತ್ತದೆ. ವಸಂತದಲ್ಲಿ ಮೊಗ್ಗು ಒಡೆಯುವ ಹೊತ್ತಿಗೆ ಮರಿಹುಳು ಸಿದ್ಧ. ಸೇಬಿನ ತೋಟದವರು ಅದರ ನಡಿಗೆಯನ್ನೇ ಹಿಡಿದುಕೊಂಡರು. ಚಳಿಗಾಲಕ್ಕೆ ಮುಂಚೆ ಕಾಂಡದ ಸುತ್ತ ಅಂಟಿನ ಪಟ್ಟಿ ಸುತ್ತಿದರೆ ಹತ್ತಲು ಬಂದ ಹೆಣ್ಣುಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ವಿಷವಿಲ್ಲ, ಯಂತ್ರವಿಲ್ಲ, ಹೆಣ್ಣು ನಡೆದು ಬರುತ್ತದೆ ಎಂಬ ತಿಳಿವಳಿಕೆಯೊಂದೇ ಅಲ್ಲಿರುವ ಔಷಧ.

ಮರಿಹುಳುವಾಗಿ ಚಳಿ ಕಳೆಯುವವುಗಳಲ್ಲಿ ಉತ್ತರ ಧ್ರುವದ ಅಂಚಿನ ಕಂಬಳಿಹುಳುವನ್ನು ಮೀರಿಸುವವರಿಲ್ಲ. ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ತೀರ ಉತ್ತರದಲ್ಲಿ ಅದು ಬದುಕುತ್ತದೆ. ವರ್ಷದಲ್ಲಿ ಕೆಲವೇ ವಾರ ಎಲೆ ತಿನ್ನುತ್ತದೆ, ಮಿಕ್ಕ ಕಾಲವೆಲ್ಲ ಮೈ ಹೆಪ್ಪುಗಟ್ಟಿ ಬಿದ್ದಿರುತ್ತದೆ. ಮೈನಸ್ 60 ಡಿಗ್ರಿಗೂ ಅದು ಸಾಯುವುದಿಲ್ಲ. ಹೀಗೆ ತಿಂದು, ಹೆಪ್ಪುಗಟ್ಟಿ, ಕರಗಿ, ಮತ್ತೆ ತಿಂದು ಪತಂಗವಾಗುವ ಹೊತ್ತಿಗೆ ಏಳು ವರ್ಷ ಕಳೆದಿರುತ್ತದೆ.

ಇದು ಹೇಗೆ ಸಾಧ್ಯ? ಜೀವಕೋಶದ ಒಳಗೆ ನೀರು ಮಂಜುಗಡ್ಡೆಯಾದರೆ ಅದರ ಹರಳು ಜೀವಕೋಶವನ್ನು ಸೀಳಿಹಾಕುತ್ತದೆ. ಕೊಲ್ಲುವುದು ಹೆಚ್ಚಾಗಿ ಆ ಹರಳೇ. ಅದನ್ನು ತಪ್ಪಿಸಿಕೊಳ್ಳಲು ಎರಡು ದಾರಿ. ಧ್ರುವದ ಕಂಬಳಿಹುಳುವಿನಂಥವು ಜೀವಕೋಶಗಳ ಹೊರಗಿನ ದ್ರವ ಹೆಪ್ಪುಗಟ್ಟಲು ಬಿಟ್ಟು, ಒಳಗಿನದನ್ನು ಗ್ಲಿಸರಾಲ್ ತುಂಬಿ ಕಾಪಾಡಿಕೊಳ್ಳುತ್ತವೆ. ಇನ್ನು ಕೆಲವು ಮೈಯಲ್ಲಿ ಎಲ್ಲಿಯೂ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. ಮಂಜಿನ ಹರಳು ಹುಟ್ಟಲು ಒಂದು ಕಣದ ಆಸರೆ ಬೇಕು, ಹೊಟ್ಟೆಯಲ್ಲಿ ಉಳಿದ ಎಲೆಚೂರು ಕೂಡ ಸಾಕು. ಹಾಗಾಗಿ ಇಂಥ ಮರಿಹುಳುಗಳು ಮಲಗುವ ಮುಂಚೆ ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಳ್ಳುತ್ತವೆ, ಒಣ ಜಾಗ ಹುಡುಕುತ್ತವೆ. ಸೇಬು ಕೊರೆಯುವ ಕಾಡ್ಲಿಂಗ್ ಪತಂಗದ ಮರಿಹುಳು ಹಣ್ಣು ಬಿಟ್ಟು ಕಾಂಡಕ್ಕೆ ಬಂದು, ತೊಗಟೆಯ ಬಿರುಕಿನಲ್ಲಿ ತೆಳ್ಳನೆ ಗೂಡು ಕಟ್ಟಿ ಮಲಗುವುದು ಹೀಗೆಯೇ. ಲಡಾಖಿನ ಸೇಬು, ಏಪ್ರಿಕಾಟ್ ತೋಟಗಳಿಗೆ ಕಾಟ ಕೊಡುವುದು ಇದೇ. ಬೇಸಿಗೆ ಮುಗಿಯುವ ಮುಂಚೆ ಕಾಂಡಕ್ಕೆ ಗೋಣಿತಾಟನ್ನೋ ರಟ್ಟನ್ನೋ ಸುತ್ತಿದರೆ ತೊಗಟೆಯ ಬದಲು ಅದರ ಮಡಿಕೆಯಲ್ಲಿ ಸೇರಿಕೊಳ್ಳುತ್ತವೆ. ಚಳಿಗಾಲದಲ್ಲಿ ಬಿಚ್ಚಿ ಸುಟ್ಟರೆ ಆಯಿತು.

ಕೋಶವಾಗಿ ಚಳಿ ಕಳೆಯುವ ಪತಂಗಗಳ ಬಗ್ಗೆ ಹೇಳುವಾಗ ಕ್ಯಾರೊಲ್ ವಿಲಿಯಮ್ಸ್ ಅವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಹಾರ್ವರ್ಡ್‌ನಲ್ಲಿ 1940ರ ದಶಕದಲ್ಲಿ ಅವರು ಸಿಕ್ರೋಪಿಯಾ ಎಂಬ ದೊಡ್ಡ ರೇಷ್ಮೆ ಪತಂಗದ ಕೋಶಗಳ ಮೇಲೆ ಪ್ರಯೋಗ ನಡೆಸಿದರು. ಆ ಕೋಶವನ್ನು ಬೆಚ್ಚಗೆ ಇಟ್ಟರೆ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಎರಡು ಎರಡೂವರೆ ತಿಂಗಳು ಚಳಿಯಲ್ಲಿಟ್ಟು ಆಮೇಲೆ ಬೆಚ್ಚಗೆ ಮಾಡಿದರೆ ಪತಂಗ ಹೊರಬರುತ್ತದೆ. ಚಳಿ ಬೇಕಾಗಿರುವುದು ಇಡೀ ಮೈಗೋ, ಯಾವುದೋ ಒಂದು ಅಂಗಕ್ಕೋ? ಚಳಿ ಕಂಡ ಕೋಶದ ಮಿದುಳನ್ನು ತೆಗೆದು, ಚಳಿಯನ್ನೇ ಕಾಣದ ಕೋಶದೊಳಗೆ ಇಟ್ಟರು. ಅದು ಬೆಳೆಯತೊಡಗಿತು. ಚಳಿ ಬೇಕಾಗಿದ್ದು ಮಿದುಳಿಗೆ. ಎಚ್ಚರವಾಗು ಎನ್ನುವ ಹಾರ್ಮೋನು ಹೊರಡುವುದು ಅಲ್ಲಿಂದ. ಮಕ್ಕಳಿಗೆ ಪ್ರಯೋಗ ಎಂದರೇನು ಎಂದು ತೋರಿಸಲು ನಾನು ಮೊದಲು ಎತ್ತಿಕೊಳ್ಳುವುದು ಇದನ್ನೇ.

ರೆಕ್ಕೆಯ ಪತಂಗವಾಗಿಯೇ ಚಳಿ ಕಳೆಯುವವು ಕಡಿಮೆ. ಅಮೆರಿಕದ ಈಶಾನ್ಯ ಭಾಗದಲ್ಲಿ ಒಣ ಎಲೆಗಳ ಕೆಳಗೆ ಹುದುಗಿದ್ದು, ಹವೆ ಸ್ವಲ್ಪ ಬೆಚ್ಚಗಾದ ರಾತ್ರಿ ಹೊರಬಂದು ಮರದ ರಸ ಕುಡಿಯುವ ಕೆಲವು ಜಾತಿಗಳಿವೆ. ಕೀಟವಿಜ್ಞಾನಿ ಬರ್ನ್ಡ್ ಹೈನ್ರಿಕ್ ಅವನ್ನು ಅಳೆದು ನೋಡಿದರು. ಹಾರುವ ಮುಂಚೆ ಅವು ನಡುಗಿ ನಡುಗಿ ಎದೆಯ ಸ್ನಾಯುಗಳನ್ನು ಸುಮಾರು 30 ಡಿಗ್ರಿಗೆ ಏರಿಸಿಕೊಳ್ಳುತ್ತವೆ.

ಈಗ ನಮ್ಮ ಊರಿಗೆ ಬರೋಣ. ರಾಯಚೂರು, ಯಾದಗಿರಿಯಲ್ಲಿ ಹಿಮ ಬೀಳುವುದಿಲ್ಲ. ಹಾಗಾದರೆ ಇಲ್ಲಿನ ಹುಳುವಿಗೆ ಮಲಗುವ ಅಗತ್ಯವೇನು? ಇಲ್ಲಿ ಕೊಲ್ಲುವುದು ಚಳಿಗಿಂತ ಹೆಚ್ಚಾಗಿ ಉಪವಾಸ. ಸುಗ್ಗಿ ಮುಗಿದ ಮೇಲೆ ಮುಂದಿನ ಮಳೆಯ ತನಕ ಹೊಲದಲ್ಲಿ ತಿನ್ನಲು ಏನೂ ಇರುವುದಿಲ್ಲ. ಪಾವಗಡ, ಚಳ್ಳಕೆರೆ ಕಡೆಯ ಶೇಂಗಾ ಹೊಲದ ಕೆಂಪುತಲೆ ಕಂಬಳಿಹುಳುವನ್ನು ನೋಡಿ. ಎಲೆ ತಿಂದು ಬಲಿತು, ಬದುವಿನ ಮೇಲಿನ ಮರದ ಬುಡದಲ್ಲೋ ಬದುವಿನ ಮಣ್ಣಿನಲ್ಲೋ ಇಳಿದು ಕೋಶವಾಗಿ ಮುಂದಿನ ಮುಂಗಾರಿನ ತನಕ ಅಲ್ಲೇ ಉಳಿಯುತ್ತದೆ. ಹದವಾದ ಮಳೆ ಬಿದ್ದ ಮರುದಿನಗಳಲ್ಲಿ ಪತಂಗಗಳು ಒಟ್ಟಿಗೇ ಏಳುತ್ತವೆ. ಮಾಗಿ ಉಳುಮೆ ಮಾಡಿದರೆ ಕೋಶ ಮೇಲೆ ಬಂದು ಬಿಸಿಲಿಗೆ, ಹಕ್ಕಿಗಳ ಬಾಯಿಗೆ ಸಿಗುತ್ತದೆ. ಎದ್ದ ಪತಂಗಗಳಿಗೆ ಮಳೆಯ ನಂತರದ ರಾತ್ರಿಗಳಲ್ಲಿ ಇಡೀ ಊರು ಸೇರಿ ದೀಪದ ಬಲೆ, ಬೆಂಕಿ ಹಾಕಿದರೆ ಮೊಟ್ಟೆಯಿಡುವ ಮುಂಚೆಯೇ ಸಿಗುತ್ತವೆ. ಒಬ್ಬನೇ ಹಾಕಿದರೆ ಅಷ್ಟು ಫಲ ಕಾಣುವುದಿಲ್ಲ.

ಆದರೆ ನಾನು ನಿಧಾನವಾಗಿ ಹೇಳಬೇಕೆಂದಿರುವುದು ಹತ್ತಿಯ ಗುಲಾಬಿ ಕಾಯಿಕೊರಕದ ವಿಷಯ. ಈ ಹುಳುವನ್ನು ವಿಜ್ಞಾನ ಮೊದಲು ಗುರುತಿಸಿದ್ದೇ ನಮ್ಮ ದೇಶದಲ್ಲಿ. ಗುಜರಾತಿನ ಭರೂಚ್ ಕಡೆಯ ಹತ್ತಿಯಿಂದ ಸಿಕ್ಕ ಮಾದರಿ ನೋಡಿ ಸಾಂಡರ್ಸ್ ಎಂಬುವರು 1843ರಲ್ಲಿ ಅದನ್ನು ವರ್ಣಿಸಿದರು. ಪತಂಗ ಚಿಕ್ಕದು, ಬೂದುಗಂದು ಬಣ್ಣ, ದೀಪದ ಬಳಿ ಬಂದರೂ ಯಾರೂ ಗಮನಿಸುವಂಥದ್ದಲ್ಲ. ಮೊಗ್ಗು, ಹೂ, ಎಳೆಕಾಯಿಯ ತೊಟ್ಟಿನ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ನಾಲ್ಕೈದು ದಿನಕ್ಕೆ ಒಡೆದು ಬರುವ ಮರಿ ಕೂದಲೆಳೆಯಷ್ಟು ಸಣ್ಣದು, ಬಿಳಿ ಮೈ, ಕಪ್ಪು ತಲೆ. ಹುಟ್ಟಿ ಹೆಚ್ಚು ಹೊತ್ತಾಗುವುದಿಲ್ಲ, ಕಾಯಿ ಕೊರೆದು ಒಳಗೆ ಹೋಗಿಬಿಡುತ್ತದೆ. ಕಾಯಿ ಬೆಳೆದಂತೆ ಆ ತೂತು ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ಹಸಿರಾಗಿ ಚೆನ್ನಾಗಿಯೇ ಇರುತ್ತದೆ. ಒಳಗೆ ಅದು ಬೀಜ ತಿನ್ನುತ್ತಾ ಗುಲಾಬಿ ಬಣ್ಣಕ್ಕೆ ತಿರುಗಿ, ಅರ್ಧ ಅಂಗುಲಕ್ಕೆ ಬೆಳೆಯುತ್ತದೆ. ‘ಎಷ್ಟ್ ಎಣ್ಣಿ ಹೊಡದ್ರೂ ಹುಳ ಸಾಯವಲ್ದ್ರಿ ಸರ’ ಎಂದು ರೈತರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ. ಎಣ್ಣೆ, ಅಂದರೆ ಕೀಟನಾಶಕ, ಬೀಳುವುದು ಕಾಯಿಯ ಸಿಪ್ಪೆಯ ಮೇಲೆ, ಹುಳು ಇರುವುದು ಬೀಜದೊಳಗೆ.

ಹಂಗಾಮಿನ ಮೊದಲ ಭಾಗದಲ್ಲಿ ಬಲಿತ ಹುಳು ದುಂಡಗಿನ ಸಣ್ಣ ತೂತು ಕೊರೆದು ಹೊರಬಂದು, ನೆಲದ ಕಸದಲ್ಲಿ ಕೋಶವಾಗಿ ವಾರದಲ್ಲಿ ಪತಂಗವಾಗುತ್ತದೆ. ತಿಂಗಳಿಗೊಂದು ತಲೆಮಾರು. ನವೆಂಬರ್ ಹೊತ್ತಿಗೆ ಹಗಲು ಕುಗ್ಗುತ್ತದೆ. ರಾಯಚೂರಿನಲ್ಲಿ ಡಿಸೆಂಬರಿನ ಹಗಲು ಹನ್ನೊಂದು ಗಂಟೆ ಚಿಲ್ಲರೆ. ರಾತ್ರಿ ತಂಪಾಗುತ್ತದೆ, ಬೀಜ ಬಲಿತು ಎಣ್ಣೆ ಕೂಡುತ್ತದೆ. ಈ ಸೂಚನೆ ಸಿಕ್ಕಿದ ಹುಳು ಬಲಿತರೂ ಕೋಶವಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಕೆಟ್ಟ ಕಾಯಿಯೊಂದನ್ನು ಬಿಚ್ಚಿ ಬೀಜ ಬಿಡಿಸಿ ನೋಡಿ. ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿರುವುದು ಸಿಗುತ್ತದೆ. ಉಗುರಿನಿಂದ ಬಿಡಿಸಲು ಹೋದರೆ ನಡುವೆ ರೇಷ್ಮೆಯಂಥ ಎಳೆ ಜಗ್ಗುತ್ತದೆ. ಎರಡೂ ಬೀಜದ ತಿರುಳು ತಿಂದು, ಅವನ್ನು ನೂಲಿನಿಂದ ಹೊಲಿದು, ಆ ಪೊಳ್ಳಿನಲ್ಲಿ ಹುಳು ಮುದುಡಿ ಮಲಗಿರುತ್ತದೆ. ಮುಟ್ಟಿದರೆ ನಿಧಾನವಾಗಿ ಅಲುಗುತ್ತದೆ. ನೀರಿಲ್ಲದೆ, ಆಹಾರವಿಲ್ಲದೆ ಹೀಗೆಯೇ ಮುಂದಿನ ಮಳೆಗಾಲಕ್ಕೆ ಕಾಯುತ್ತದೆ.

ಉತ್ತರದ ಪಂಜಾಬ್, ಹರಿಯಾಣದಲ್ಲಿ ಈ ನಿದ್ದೆ ಗಟ್ಟಿ. ದಕ್ಷಿಣಕ್ಕೆ ಬಂದಂತೆ ಎಲ್ಲ ಹುಳುವೂ ಮಲಗುವುದಿಲ್ಲ. ಹಸಿರು ಕಾಯಿ ಸಿಗುತ್ತಿದ್ದರೆ ಒಂದಷ್ಟು ತಲೆಮಾರು ಮುಂದುವರಿಸುತ್ತವೆ. ತುಂಗಭದ್ರಾ, ಕೃಷ್ಣಾ ನಾಲೆ ನೀರಿರುವ ಕಡೆ ಇನ್ನೊಂದು ಸಲ ಬಿಡಿಸಲು ಹತ್ತಿ ಸಿಗಲಿ ಎಂದು ಮಾರ್ಚ್ ತನಕ ಗಿಡ ಉಳಿಸಿಕೊಂಡರೆ, ಆ ಹೊಲ ಮಲಗಿದ ಹುಳುವಿಗೂ ಎಚ್ಚರವಿರುವ ಹುಳುವಿಗೂ ಆಸರೆಯಾಗುತ್ತದೆ.

ಹುಳುವನ್ನು ಕೊಲ್ಲುವ ವಿಷಾಂಶ ಗಿಡದಲ್ಲೇ ಇರುವ ಬಿಟಿ ಹತ್ತಿ 2002ರಲ್ಲಿ ಬಂದಾಗ ಹುಳುವಿನ ಚಿಂತೆ ತೀರಿತು ಎಂದು ಎಲ್ಲರೂ ನಂಬಿದ್ದರು. ಕೆಲವು ವರ್ಷ ಹಾಗೆಯೇ ನಡೆಯಿತು. 2006ರಲ್ಲಿ ಎರಡು ವಿಷಾಂಶವಿರುವ ಬೀಜ ಬಂತು. 2010ರ ಹೊತ್ತಿಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕ ಮೊದಲ ವಿಷಾಂಶವನ್ನು ಜೀರ್ಣಿಸಿಕೊಳ್ಳತೊಡಗಿದ್ದು ಖಚಿತವಾಯಿತು. ಮುಂದಿನ ವರ್ಷಗಳಲ್ಲಿ ಎರಡನೆಯದಕ್ಕೂ ಒಗ್ಗಿಕೊಂಡಿತು. ಹುಳು ಹೀಗೆ ಒಗ್ಗಿಕೊಳ್ಳದಿರಲೆಂದು ಸುತ್ತ ಬಿಟಿ ಅಲ್ಲದ ಹತ್ತಿಯ ಸಾಲು ಹಾಕಬೇಕೆಂಬ ಮಾತನ್ನು ಪಾಲಿಸಿದವರು ಕಡಿಮೆ. ಜೊತೆಗೆ ಬಂದ ಹೈಬ್ರಿಡ್‌ಗಳಲ್ಲಿ ಬಹಳಷ್ಟು ದೀರ್ಘಾವಧಿಯವು. ಹುಳುವಿಗೆ ಊಟದ ಕಾಲ ಲಂಬಿಸಿತು. ಬೀಜದ ತಂತ್ರಜ್ಞಾನವನ್ನು ನಾನು ದೂರುವುದಿಲ್ಲ. ಅದೊಂದನ್ನೇ ನೆಚ್ಚಿ ಹೊಲ ಸ್ವಚ್ಛ ಮಾಡುವ ಹಳೆಯ ರೂಢಿ ಬಿಟ್ಟಿದ್ದು ನಮಗೆ ದುಬಾರಿಯಾಯಿತು.

ಹಾಗಾದರೆ ಮಾಡಬೇಕಾದ್ದೇನು? ಕೆಲಸ ಡಿಸೆಂಬರಿನಲ್ಲೇ ಶುರು. ತಿಂಗಳ ಕೊನೆಗೆ, ಹೆಚ್ಚೆಂದರೆ ಜನವರಿ ಮೊದಲ ವಾರಕ್ಕೆ ಬೆಳೆ ಮುಗಿಸಿ. ಕೊನೆಯ ಸಲ ಬಿಡಿಸುವ ಹತ್ತಿಯ ಆಸೆ ಬಿಡುವುದು ಕಷ್ಟ, ಗೊತ್ತು. ಆದರೆ ಆ ಹತ್ತಿಗೆ ಹುಳು ತಿಂದ ಕಾರಣ ದರವೂ ಸಿಗುವುದಿಲ್ಲ. ಮುಗಿಸುವ ಮುಂಚೆ ಕುರಿ, ದನ ಬಿಟ್ಟು ಮೇಯಿಸಿದರೆ ಉಳಿದ ಎಳೆಕಾಯಿ ಖಾಲಿಯಾಗುತ್ತವೆ. ಇತ್ತೀಚೆಗೆ ಎಣ್ಣೆ ಹೊಡೆದ ಹೊಲಕ್ಕೆ ಮಾತ್ರ ಬಿಡಬೇಡಿ. ಆಮೇಲೆ ಹತ್ತಿ ಕಟ್ಟಿಗೆ. ಒಲೆಗೆಂದು ಮನೆ ಹಿಂದೆಯೋ ಹೊಲದ ಬದುವಿನಲ್ಲೋ ಒಟ್ಟಿದ ಕಟ್ಟಿಗೆಯಲ್ಲಿ ಒಣಗಿದ ಕಾಯಿಗಳು ಅಂಟಿಕೊಂಡಿರುತ್ತವೆ. ಜೋಡಿಬೀಜ ಇರುವುದು ಅವುಗಳಲ್ಲೇ. ಯಂತ್ರಕ್ಕೆ ಹಾಕಿ ಪುಡಿ ಮಾಡಿ ಮಣ್ಣಿಗೆ ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಒಲೆಗೆ ಬೇಕೇ ಬೇಕೆಂದರೆ ಕಾಯಿ ಉದುರಿಸಿ ಸುಟ್ಟು, ಮಿಕ್ಕಿದ್ದನ್ನು ಮಳೆಗಾಲದೊಳಗೆ ಉರಿಸಿ ಮುಗಿಸಿ. ಜಿನ್ನಿಂಗ್ ಮಿಲ್ಲುಗಳಲ್ಲಿ ಬೀಜದ ರಾಶಿಯಿಂದಲೂ ಪತಂಗಗಳು ಹೊರಡುತ್ತವೆ. ಮಿಲ್ಲಿನ ಸುತ್ತ ಗಂಡು ಪತಂಗಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು ಮಾಲೀಕರ ಹೊಣೆ, ಅದನ್ನು ಕೇಳುವುದು ರೈತರ ಹಕ್ಕು.

ಇಷ್ಟಾದರೂ ಕೆಲವು ಉಳಿದೇ ಉಳಿಯುತ್ತವೆ. ಮೇ, ಜೂನಿನ ಮಳೆಗೆ ಅವು ಎದ್ದಾಗ ಹೊಲದಲ್ಲಿ ಮೊಗ್ಗಿರಬಾರದು. ಗುಲಾಬಿ ಕಾಯಿಕೊರಕ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿದ ಹುಳು. ಮೊಗ್ಗು ಸಿಗದೆ ಇಟ್ಟ ಮೊಟ್ಟೆ ವ್ಯರ್ಥ, ಪತಂಗ ವಂಶ ಬೆಳೆಸದೆ ಸಾಯುತ್ತದೆ. ಅವಧಿಗೆ ಮುಂಚೆ ಬಿತ್ತಿದ ಒಂದೇ ಒಂದು ಹೊಲ ಈ ಲೆಕ್ಕವನ್ನು ಕೆಡಿಸಬಲ್ಲದು. ಅದಕ್ಕೇ ಊರವರೆಲ್ಲ ಒಂದೇ ವಾರದಲ್ಲಿ ಬಿತ್ತಿ, ಒಂದೇ ವಾರದಲ್ಲಿ ಬೆಳೆ ತೆಗೆಯಬೇಕು ಎಂದು ನಾವು ಮತ್ತೆ ಮತ್ತೆ ಹೇಳುವುದು.

ಬಿತ್ತಿ 45 ದಿನಕ್ಕೆ ಎಕರೆಗೆ ಎರಡರಂತೆ ಮೋಹಕ ಬಲೆ ಕಟ್ಟಿ. ಹೆಣ್ಣಿನ ವಾಸನೆಯಿರುವ ಗುಳಿಗೆಗೆ ಗಂಡು ಪತಂಗಗಳು ಬಂದು ಬೀಳುತ್ತವೆ. ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಬಿದ್ದರೆ ಎಚ್ಚರದ ಗಂಟೆ. ಜೊತೆಗೆ ಹೂಗಳನ್ನು ನೋಡುತ್ತಿರಿ. ಹುಳು ಸೇರಿದ ಹೂವಿನ ಪಕಳೆಗಳು ಬಿಚ್ಚಿಕೊಳ್ಳದೆ ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡೇ ಇರುತ್ತವೆ. ಕಂಡಕಂಡಲ್ಲಿ ಕಿತ್ತು ನಾಶಮಾಡಿ. ಕಾಯಿ ಬಂದ ಮೇಲೆ ಹೊಲದ ಬೇರೆ ಬೇರೆ ಕಡೆಯಿಂದ 20 ಕಾಯಿ ಕಿತ್ತು ಸೀಳಿ ನೋಡಿ. ಎರಡರಲ್ಲಿ ಹುಳು ಸಿಕ್ಕರೆ ಆಗ ಔಷಧ ಸಿಂಪಡಿಸುವ ಮಾತು, ಅದೂ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ. ಹಂಗಾಮಿನ ಶುರುವಿನಲ್ಲೇ ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ಮಿತ್ರಕೀಟಗಳು ಸತ್ತು ಬಿಳಿನೊಣ ಏರಿಕೊಳ್ಳುತ್ತದೆ.

ಅಮೆರಿಕದಲ್ಲಿ ಈ ಹುಳು 1917ರಲ್ಲಿ ಟೆಕ್ಸಾಸ್‌ನಲ್ಲಿ ಕಾಣಿಸಿಕೊಂಡಿತು. 2018ರಲ್ಲಿ ಅಲ್ಲಿನ ಹತ್ತಿ ಸೀಮೆಯಲ್ಲಿ ಅದು ನಿರ್ನಾಮವಾಯಿತು ಎಂದು ಸರ್ಕಾರ ಘೋಷಿಸಿತು. ಬಿಟಿ ಹತ್ತಿ, ಹೆಣ್ಣಿನ ವಾಸನೆಯನ್ನು ಹೊಲ ತುಂಬ ಹರಡಿ ಗಂಡಿನ ದಾರಿ ತಪ್ಪಿಸುವುದು, ಕಟ್ಟಿಗೆ ಕತ್ತರಿಸಿ ಉಳುವುದು, ಇವೆಲ್ಲದರ ಜೊತೆಗೆ ವಿಮಾನದಿಂದ ನೂರಾರು ಕೋಟಿ ಬಂಜೆ ಪತಂಗಗಳನ್ನು ಬಿಟ್ಟರು. ಬಲೆಗೆ ಬಿದ್ದದ್ದು ತಮ್ಮದೋ ಕಾಡಿನದೋ ತಿಳಿಯಲೆಂದು ಅವುಗಳ ಆಹಾರಕ್ಕೆ ಕೆಂಪು ಬಣ್ಣ ಬೆರೆಸಿದ್ದರು. ನಮ್ಮ ಸಣ್ಣ ಹಿಡುವಳಿಗಳಲ್ಲಿ ವಿಮಾನದ ಕೆಲಸ ಕಷ್ಟವಿರಬಹುದು, ಕಟ್ಟಿಗೆ ಉಳುವ ಕೆಲಸ ಖಂಡಿತ ಆಗುತ್ತದೆ.

ಹೊಲವಿಲ್ಲದ ಓದುಗರಿಗೂ ಒಂದು ಮಾತು. ರಾಗಿ, ಜೋಳ, ರವೆಯ ಡಬ್ಬಿಯಲ್ಲಿ ಕಾಳುಗಳು ಬಲೆ ಕಟ್ಟಿ ಮುದ್ದೆಯಾಗಿದ್ದರೆ ಅದು ಪತಂಗದ ಮರಿಹುಳುವಿನ ಕೆಲಸ. ಬೆಚ್ಚಗಿನ ಅಡುಗೆಮನೆಯಲ್ಲಿ ಅವುಗಳಿಗೆ ವರ್ಷವಿಡೀ ಸುಗ್ಗಿ. ಚಳಿಯೇ ಸಿಗದ ಆ ಹುಳುವಿಗೆ ನಾವೇ ಚಳಿ ಕೊಡಬಹುದು. ಸ್ವಲ್ಪವೇ ರವೆ, ಹಿಟ್ಟಾದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆ ಸಹಿತ ಸಾಯುತ್ತವೆ. ಮಲಗುವ ಸಿದ್ಧತೆ ಮಾಡಿಕೊಳ್ಳದ ಹುಳು ಅಂಥ ಚಳಿ ತಾಳುವುದಿಲ್ಲ. ಮೂಟೆಗಟ್ಟಲೆ ಕಾಳಾದರೆ ಬೇಸಿಗೆಯ ಬಿಸಿಲಿಗೆ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ. ಕೋಶವಾಗುವ ಹೊತ್ತಿಗೆ ಮರಿಹುಳು ಕಾಳು ಬಿಟ್ಟು ಮುಚ್ಚಳದ ಸಂದಿಗೆ, ಕಪಾಟಿನ ಮೂಲೆಗೆ ಹತ್ತುತ್ತದೆ. ಡಬ್ಬಿ ಖಾಲಿ ಮಾಡಿದವರು ಆ ಸಂದಿಗಳನ್ನೂ ಬ್ರಷ್ ಹಾಕಿ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಹೊಸ ಕಾಳು ತುಂಬಬೇಕು.